ಕರಿ ಇಲಿಯ ಮಿದುಳು ಹಸಿರಾಯಿತು, ಬಿಳಿ ಇಲಿಯದು ಆಗಲಿಲ್ಲ: ಒಂದು ವೈರಸ್ ಕವಚದ ಪ್ರಕರಣ

ಎರಡು ಇಲಿಗಳನ್ನು ಊಹಿಸಿಕೊಳ್ಳಿ. ಒಂದು ಕರಿಯದು, ಇನ್ನೊಂದು ಬಿಳಿಯದು. ಎರಡಕ್ಕೂ ಒಂದೇ ವೈರಸ್ಸನ್ನು ಒಂದೇ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಿದ್ದಾರೆ. ಆ ವೈರಸ್ಸಿನ ಹೊಟ್ಟೆಯಲ್ಲಿ ರೋಗ ತರುವ ಜೀನ್ ಇಲ್ಲ. ಹಸಿರಾಗಿ ಹೊಳೆಯುವ ಒಂದು ಪ್ರೋಟೀನಿನ ಜೀನ್ ಮಾತ್ರ ಇದೆ. ಅದು ಯಾವ ಕೋಶದೊಳಗೆ ಹೊಕ್ಕು ಕೆಲಸ ಮಾಡಿತೋ ಆ ಕೋಶ ಹಸಿರಾಗುತ್ತದೆ. ಕೆಲವು ವಾರ ಬಿಟ್ಟು ನೋಡಿದರೆ ಕರಿ ಇಲಿಯ ಮಿದುಳು ಈ ತುದಿಯಿಂದ ಆ ತುದಿಯವರೆಗೆ ಹಸಿರು. ಬಿಳಿ ಇಲಿಯದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ, ಉಳಿದದ್ದೆಲ್ಲ ಕತ್ತಲು.

ಪ್ರಾಣಿ ಒಂದೇ, ವೈರಸ್ಸೂ ಒಂದೇ. ಮತ್ತೆ ಯಾಕೆ ಹೀಗೆ?

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ವಿಲ್ಸನ್ ಅವರ ತಂಡ 2018ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿತು. ಆ ವೈರಸ್ ಕವಚದ ಹೆಸರು ಎಎವಿ-ಪಿಎಚ್‌ಪಿ.ಬಿ. ಅದಕ್ಕೂ ಎರಡು ವರ್ಷ ಹಿಂದೆ, 2016ರಲ್ಲಿ, ಇದೇ ಕವಚ ಮಿದುಳಿನ ಕಾಯಿಲೆಗಳಿಗೆ ದಾರಿ ತೆರೆದುಬಿಟ್ಟಿತು ಅಂತ ಎಷ್ಟೋ ಜನ ನಂಬಿದ್ದರು. ಇದರ ಕಥೆಯನ್ನು ಮೊದಲಿಂದ ಬಿಡಿಸಿ ಹೇಳಬೇಕು ಅಂತ ನನಗೆ ತುಂಬ ದಿನದಿಂದ ಅನ್ನಿಸುತ್ತಿತ್ತು. ವೈರಸ್ಸನ್ನು ನಮಗೆ ಬೇಕಾದ ಕೋಶಕ್ಕೇ ಕಳಿಸುವುದು ಅಂದರೆ ಏನು, ಅದು ಎಲ್ಲಿ ಎಡವುತ್ತದೆ, ಎಡವಿದವರು ಹೇಗೆ ಎದ್ದರು ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಪ್ರಕರಣವನ್ನು ನಾನು ಓದಿಲ್ಲ.

16 ಕೋಟಿಯ ಇಂಜೆಕ್ಷನ್ನಿನ ಒಳಗೆ

ಈ ವೈರಸ್ಸಿನ ಮೂಲ ನಮಗೆ ತೀರಾ ಹೊಸದೇನಲ್ಲ. ಎಸ್‌ಎಂಎ ಎಂಬ, ಬೆನ್ನುಹುರಿಯ ನರಕೋಶಗಳು ಸಾಯುತ್ತ ಸ್ನಾಯುಗಳು ಸೊರಗುವ ಕಾಯಿಲೆ ಬಂದ ಪುಟ್ಟ ಮಗುವಿಗೆ 16 ಕೋಟಿ ರೂಪಾಯಿಯ ಇಂಜೆಕ್ಷನ್ ಬೇಕು, ಕೈಲಾದಷ್ಟು ಕೊಡಿ ಎಂಬ ಮನವಿಗಳನ್ನು ಕರ್ನಾಟಕದಲ್ಲಿ ನಾವೆಲ್ಲ ನೋಡಿದ್ದೇವೆ. ಆ ಮಕ್ಕಳ ಫೋಟೊ ನೋಡಿದಾಗ ಎದೆ ಹಿಂಡಿದಂತೆ ಆಗುತ್ತದೆ. ಆ ಇಂಜೆಕ್ಷನ್ ಜೋಲ್ಜೆನ್‌ಸ್ಮಾ. ಅಮೆರಿಕದ ಎಫ್‌ಡಿಎ ಎಂಬ ಔಷಧ ನಿಯಂತ್ರಣ ಸಂಸ್ಥೆ 2019ರ ಮೇ ತಿಂಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದರೊಳಗೆ ಇರುವುದು ಎಎವಿ9 ಎಂಬ ವೈರಸ್ಸಿನ ಕವಚ. ಕವಚದ ಹೊಟ್ಟೆಯಲ್ಲಿ, ಮಗುವಿನಲ್ಲಿ ಕೆಟ್ಟುಹೋಗಿರುವ ಎಸ್‌ಎಂಎನ್1 ಜೀನಿನ ಸರಿಯಾದ ಪ್ರತಿ.

ಎಎವಿ, ಅಂದರೆ ಅಡಿನೋ-ಅಸೋಸಿಯೇಟೆಡ್ ವೈರಸ್, ಬಹಳ ಸಣ್ಣ ವೈರಸ್. ಅಗಲ ಸುಮಾರು 25 ನ್ಯಾನೋಮೀಟರ್. 1965ರಲ್ಲಿ ಇದು ಮೊದಲು ಸಿಕ್ಕಿದ್ದು ಅಡಿನೋವೈರಸ್ಸಿನ ಮಾದರಿಯೊಳಗೆ ಸೇರಿಕೊಂಡಿದ್ದ ಕಲಬೆರಕೆಯಾಗಿ. ಮನುಷ್ಯರಿಗೆ ಇದರಿಂದ ಬರುವ ಕಾಯಿಲೆ ಅಂತ ಯಾವುದೂ ತಿಳಿದಿಲ್ಲ. ಅದಕ್ಕೇ ಜೀನ್ ಸಾಗಿಸಲು ಇದನ್ನು ಆರಿಸಿಕೊಂಡರು. ವೈರಸ್ಸಿನ ಸ್ವಂತ ಜೀನುಗಳನ್ನು ತೆಗೆದುಹಾಕಿ, ಡಿಎನ್‌ಎಯ ಎರಡು ತುದಿಗಳನ್ನಷ್ಟೇ ಉಳಿಸಿಕೊಂಡು, ನಡುವೆ ನಮಗೆ ಬೇಕಾದ ಜೀನ್ ಕೂರಿಸುತ್ತಾರೆ. ಜಾಗ ಕಡಿಮೆ. ಹೆಚ್ಚೆಂದರೆ ಸುಮಾರು 4,700 ಅಕ್ಷರ ಹಿಡಿಯುತ್ತದೆ. ಇನ್ನೂ ಉದ್ದದ ಜೀನ್ ಆದರೆ ಬೇರೆ ದಾರಿ ನೋಡಬೇಕು.

ಹೊರಗಿನ ಕವಚ 60 ಪ್ರೋಟೀನ್ ತುಂಡುಗಳು ಸೇರಿ ಆದ ಒಂದು ಚೆಂಡು. ವೈರಸ್ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಬರೆದಿರುವುದು ಈ ಚೆಂಡಿನ ಮೇಲ್ಮೈಯಲ್ಲಿ. ಕೋಶದ ಹೊರಗೋಡೆಯಲ್ಲಿ ಚಾಚಿಕೊಂಡಿರುವ ಯಾವುದೋ ಪ್ರೋಟೀನಿಗೋ ಸಕ್ಕರೆಗೋ ಕವಚ ಅಂಟಿಕೊಂಡರೆ ಬಾಗಿಲು ತೆರೆಯುತ್ತದೆ. ಅಂಟದಿದ್ದರೆ ವೈರಸ್ ಮುಂದಕ್ಕೆ ತೇಲಿಹೋಗುತ್ತದೆ.

ಎಎವಿ9ರ ವಿಳಾಸ ತುಂಬ ಸಡಿಲ. ಅದು ಮಿದುಳನ್ನೂ ಬೆನ್ನುಹುರಿಯನ್ನೂ ಸ್ವಲ್ಪ ಮಟ್ಟಿಗೆ ತಲುಪುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಎಸ್‌ಎಂಎ ಚಿಕಿತ್ಸೆ ಸಾಧ್ಯವಾದದ್ದು ಅದರಿಂದಲೇ. ಆದರೆ ರಕ್ತಕ್ಕೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ಹೋಗುವುದು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ. ಮಿದುಳಿಗೆ ಸಾಕಷ್ಟು ಸಿಗಬೇಕಾದರೆ ಒಟ್ಟು ಪ್ರಮಾಣವನ್ನೇ ಏರಿಸಬೇಕು. ಜೋಲ್ಜೆನ್‌ಸ್ಮಾದಲ್ಲಿ ಮಗುವಿನ ತೂಕದ ಪ್ರತಿ ಕಿಲೋಗೆ 110 ಲಕ್ಷ ಕೋಟಿ ವೈರಸ್ ಕಣಗಳು. 110 ಲಕ್ಷ ಕೋಟಿ! ಲಿವರ್ ತಡೆದುಕೊಳ್ಳಲಿ ಅಂತ ಜೊತೆಗೆ ಸ್ಟೀರಾಯ್ಡ್ ಕೊಟ್ಟು, ವಾರಗಟ್ಟಲೆ ರಕ್ತಪರೀಕ್ಷೆ ಮಾಡುತ್ತ ಕಾಯುತ್ತಾರೆ. ಹೆತ್ತವರು ಆ ದಿನಗಳನ್ನು ಹೇಗೆ ಕಳೆಯುತ್ತಾರೋ.

ಬೇಕಾದ ಕೋಶಕ್ಕೇ ನೇರವಾಗಿ ಹೋಗುವ ಕವಚ ಸಿಕ್ಕರೆ ಎಷ್ಟೋ ಕಡಿಮೆ ಪ್ರಮಾಣ ಸಾಕಾಗುತ್ತದೆ. ಲಿವರ್‌ಗೆ ಹೊರೆ ತಗ್ಗುತ್ತದೆ. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಚಿಕಿತ್ಸೆ ಕೊಡುವ ಯೋಚನೆ ಮಾಡಬಹುದು. ಪಿಎಚ್‌ಪಿ.ಬಿ ಮೇಲೆ ಜನ ಅಷ್ಟೊಂದು ಆಸೆ ಇಟ್ಟದ್ದು ಇದಕ್ಕೇ.

128 ಕೋಟಿ ಕೀಲಿಕೈಗಳು

ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ. ಮುಂದೆ ನಿಂತವರು ಬೆಂಜಮಿನ್ ಡೆವರ್ಮನ್ ಮತ್ತು ವಿವಿಯಾನಾ ಗ್ರಾಡಿನಾರು. ಅಲ್ಲಿನ ಪ್ರೊಫೆಸರ್ ಪಾಲ್ ಎಚ್. ಪ್ಯಾಟರ್ಸನ್ 2014ರಲ್ಲಿ ತೀರಿಕೊಂಡರು. ಕವಚದ ಹೆಸರಿನಲ್ಲಿರುವ ಪಿಎಚ್‌ಪಿ ಅವರ ಹೆಸರಿನ ಮೊದಲ ಅಕ್ಷರಗಳು. ವಿಜ್ಞಾನಿಗಳು ತಮ್ಮ ಗುರುವನ್ನು ಹೀಗೆ ನೆನೆಯುವುದು ನನಗೆ ಬಹಳ ಇಷ್ಟವಾಗುತ್ತದೆ.

ಅವರ ಮುಂದೆ ಇದ್ದ ಅಡ್ಡಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಮಿದುಳಿನ ರಕ್ತನಾಳಗಳ ಒಳಮೈಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಇರುತ್ತವೆ. ದೇಹದ ಬೇರೆ ಕಡೆ ರಕ್ತದಿಂದ ಸುಲಭವಾಗಿ ಸೋಸಿ ಹೋಗುವ ವಸ್ತುಗಳು ಇಲ್ಲಿ ನುಸುಳಲಾರವು. ಅದಕ್ಕೇ ಆವರೆಗೆ ಮಿದುಳಿಗೆ ಜೀನ್ ಕಳಿಸಬೇಕಾದರೆ ತಲೆಬುರುಡೆಯಲ್ಲಿ ತೂತು ಕೊರೆದು ಸೂಜಿಯಿಂದ ನೇರವಾಗಿ ಬಿಡುವುದು ರೂಢಿಯಾಗಿತ್ತು. ಹಾಗೆ ಬಿಟ್ಟ ವೈರಸ್ ಸೂಜಿಯ ಸುತ್ತ ಕೆಲವೇ ಮಿಲಿಮೀಟರ್ ಹರಡುತ್ತದೆ. ಮಿದುಳು ಪೂರ್ತಿ ಕೆಟ್ಟಿರುವ ಕಾಯಿಲೆಗೆ ಅದು ಎಲ್ಲಿ ಸಾಕಾಗುತ್ತದೆ?

ಕ್ಯಾಲ್‌ಟೆಕ್ ತಂಡ ಎಎವಿ9ರ ಕವಚದ ಪ್ರೋಟೀನಿನಲ್ಲಿ 588ನೇ ಮತ್ತು 589ನೇ ಅಮೈನೋ ಆಮ್ಲಗಳ (ಪ್ರೋಟೀನಿನ ಇಟ್ಟಿಗೆಗಳ) ನಡುವೆ ಏಳು ಹೊಸ ಅಮೈನೋ ಆಮ್ಲಗಳ ಒಂದು ತುಂಡನ್ನು ಸೇರಿಸಿತು. ಕವಚ ಮಡಚಿಕೊಂಡಾಗ ಈ ಜಾಗ ಹೊರಕ್ಕೆ ಚಾಚಿಕೊಂಡಿರುತ್ತದೆ. ಕೀಲಿಕೈಯ ಹಲ್ಲುಗಳ ಹಾಗೆ. ಯಾವ ಏಳು ಸೇರಿಸಬೇಕು ಅಂತ ಅವರು ಲೆಕ್ಕ ಹಾಕಿ ಬರೆಯಲಿಲ್ಲ. ಸುಮ್ನೆ ಎಲ್ಲ ಬಗೆಯ ಜೋಡಣೆಗಳನ್ನೂ ಬೆರೆಸಿ ರಾಶಿ ಮಾಡಿದರು. ಅಮೈನೋ ಆಮ್ಲಗಳು 20, ಜಾಗ ಏಳು. ಒಟ್ಟು 128 ಕೋಟಿ ಬಗೆ ಸಾಧ್ಯ. ಅಂಥ ಬಗೆಬಗೆಯ ಕೀಲಿಕೈಗಳ ರಾಶಿಯನ್ನು ಇಲಿಯ ರಕ್ತಕ್ಕೆ ಸುರಿದು, ಯಾವುದು ಮಿದುಳನ್ನು ತಲುಪಿತು ಅಂತ ಹುಡುಕುವುದು ಉಪಾಯ.

ಇಲ್ಲಿ ಒಂದು ಹಳೆಯ ತೊಡಕಿತ್ತು. ಮಿದುಳನ್ನು ಅರೆದು ಅದರಲ್ಲಿದ್ದ ವೈರಸ್ ಡಿಎನ್‌ಎಯನ್ನೆಲ್ಲ ತೆಗೆದರೆ, ಒಳಗೆ ಹೊಕ್ಕವುಗಳ ಜೊತೆ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಂಡವು, ಕೋಶದ ಹೊರಗೆ ಅಂಟಿಕೊಂಡವು ಎಲ್ಲವೂ ಬರುತ್ತವೆ. ಬಾಗಿಲಲ್ಲಿ ನಿಂತವನನ್ನೂ ಒಳಗೆ ಕೂತವನನ್ನೂ ಒಂದೇ ಲೆಕ್ಕಕ್ಕೆ ಹಿಡಿದ ಹಾಗೆ.

ಇದಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ನೆನೆದಾಗ ನನಗೆ ಮತಗಟ್ಟೆಯ ಶಾಯಿ ನೆನಪಾಗುತ್ತದೆ. ನಮ್ಮ ಮೈಸೂರಿನಲ್ಲೇ ತಯಾರಾಗುವ ಆ ಶಾಯಿ ಬೆರಳಿಗೆ ಬೀಳಬೇಕಾದರೆ ಮತಗಟ್ಟೆಯೊಳಗೆ ಹೋಗಲೇಬೇಕು. ಹೊರಗೆ ಸಾಲಿನಲ್ಲಿ ಎಷ್ಟು ಹೊತ್ತು ನಿಂತರೂ ಬೀಳುವುದಿಲ್ಲ. ಇಲ್ಲಿ ಶಾಯಿಯ ಕೆಲಸ ಮಾಡಿದ್ದು ಕ್ರಿ ಎಂಬ ಕಿಣ್ವ. ಮಿದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳಲ್ಲಿ ಮಾತ್ರ ಕ್ರಿ ತಯಾರಾಗುವಂತೆ ಬದಲಿಸಿದ ಇಲಿಗಳನ್ನು ಬಳಸಿದರು. ವೈರಸ್ಸಿನ ಡಿಎನ್‌ಎಯಲ್ಲಿ ಒಂದು ಗುರುತಿನ ತುಂಡು ಇಟ್ಟರು. ಕ್ರಿ ಸಿಕ್ಕಿದರೆ ಆ ತುಂಡು ತಿರುವುಮುರುವಾಗುತ್ತದೆ. ಪಿಸಿಆರ್ ಪರೀಕ್ಷೆಯಲ್ಲಿ ತಿರುಗಿದ ಡಿಎನ್‌ಎ ಮಾತ್ರ ಹೆಚ್ಚಾಗುವಂತೆ ನೋಡಿಕೊಂಡರು. ಅಂದರೆ ಆಸ್ಟ್ರೋಸೈಟಿನ ಒಳಗೆ ಹೋಗಿ, ಕೋಶಕೇಂದ್ರವನ್ನು (ನ್ಯೂಕ್ಲಿಯಸ್) ತಲುಪಿ, ಅಲ್ಲಿ ಡಿಎನ್‌ಎ ಬಿಚ್ಚಿಕೊಂಡ ವೈರಸ್ಸಿಗೆ ಮಾತ್ರ ಶಾಯಿ. ಈ ವಿಧಾನಕ್ಕೆ ಅವರು ಇಟ್ಟ ಹೆಸರು ಕ್ರಿಯೇಟ್.

ಒಮ್ಮೆ ಆರಿಸಿ, ಗೆದ್ದವುಗಳನ್ನು ಮತ್ತೆ ಇಲಿಗೆ ಕೊಟ್ಟು ಇನ್ನೊಮ್ಮೆ ಆರಿಸಿದರು. ಕೊನೆಗೆ ಮೇಲೆದ್ದ ಏಳು ಅಕ್ಷರಗಳು ಇವು: ಥ್ರಿಯೊನಿನ್, ಲ್ಯೂಸಿನ್, ಅಲನಿನ್, ವ್ಯಾಲಿನ್, ಪ್ರೋಲಿನ್, ಫಿನೈಲಲನಿನ್, ಲೈಸಿನ್. ಇದೇ ಪಿಎಚ್‌ಪಿ.ಬಿ.

2016ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಎವಿ9ಕ್ಕಿಂತ ಕನಿಷ್ಠ 40 ಪಟ್ಟು ಹೆಚ್ಚು ಸಾಮರ್ಥ್ಯ. ಬರೀ ರಕ್ತನಾಳಕ್ಕೆ ಚುಚ್ಚಿದ್ದಷ್ಟೇ, ಮಿದುಳಿನ ಹಲವು ಭಾಗಗಳಲ್ಲಿ ಬಹುಪಾಲು ಆಸ್ಟ್ರೋಸೈಟ್‌ಗಳೂ ನರಕೋಶಗಳೂ ಹಸಿರಾಗಿದ್ದವು. ಮರುವರ್ಷ ಇನ್ನೂ ಸುಧಾರಿಸಿದ ಪಿಎಚ್‌ಪಿ.ಇಬಿ ಬಂತು. ಲ್ಯಾಬಿನಿಂದ ಲ್ಯಾಬಿಗೆ ಈ ಕವಚ ಹರಡಿತು. ತಲೆಬುರುಡೆ ಕೊರೆಯುವ ಕೆಲಸ ತಪ್ಪಿತಲ್ಲ ಅಂತ ಸಂಶೋಧಕರು ಖುಷಿಪಟ್ಟರು.

ಅದೇ ಪೇಪರಿನಲ್ಲಿ ಇನ್ನೊಂದು ಮಾತಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ನರಕೋಶ ಮತ್ತು ಆಸ್ಟ್ರೋಸೈಟ್‌ಗಳಲ್ಲೂ ಪಿಎಚ್‌ಪಿ.ಬಿ ಎಎವಿ9ಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಇದನ್ನು ಓದಿದವರಿಗೆ ಮನುಷ್ಯರಲ್ಲೂ ಆಗುತ್ತದೆ ಅಂತ ಅನ್ನಿಸಿದ್ದು ಸಹಜ. ಆದರೆ ತಟ್ಟೆಯಲ್ಲಿ ರಕ್ತನಾಳ ಇರುವುದಿಲ್ಲ, ತಡೆಗೋಡೆಯೂ ಇರುವುದಿಲ್ಲ. ದಾಟಬೇಕಾದ ಗೋಡೆಯೇ ಇಲ್ಲದ ಕಡೆ ದಾಟುವ ಶಕ್ತಿಯನ್ನು ಅಳೆಯುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳುತ್ತಾರೆ. ಇಲ್ಲಿ ಪ್ರತ್ಯಕ್ಷ ಕಂಡದ್ದು ಅಷ್ಟು ಸುಂದರವಾಗಿತ್ತು, ಅಲ್ವಾ? ಪ್ರಮಾಣಿಸುವ ಕೆಲಸ ಇನ್ನೂ ಬಾಕಿ ಇತ್ತು.

ಬಿಳಿ ಇಲಿ, ಆಮೇಲೆ ಮಂಗ

ಪೆನ್ಸಿಲ್ವೇನಿಯಾದಲ್ಲಿ ಜೂಲಿಯೆಟ್ ಹೋರ್ಡೋ ಮತ್ತು ಸಂಗಡಿಗರು ಪಿಎಚ್‌ಪಿ.ಬಿಯನ್ನು ಬಿಳಿ ಇಲಿಗೆ ಕೊಟ್ಟರು. 40 ಪಟ್ಟಿನ ಲಾಭ ಮಾಯವಾಗಿತ್ತು. ಮಂಗಗಳಿಗೂ ಕೊಟ್ಟು ನೋಡಿದರು. ಅಲ್ಲೂ ಲಾಭ ಇರಲಿಲ್ಲ. ಅದಕ್ಕಿಂತ ಕಳವಳದ ಸಂಗತಿ ಅಂದರೆ, ಹೆಚ್ಚಿನ ಪ್ರಮಾಣದ ಎಎವಿಯನ್ನು ರಕ್ತಕ್ಕೆ ಕೊಟ್ಟಾಗ ಮಂಗಗಳಿಗೆ ತೀವ್ರವಾದ ವಿಷಪರಿಣಾಮ ಆಗಬಹುದು ಅಂತಲೂ ಅವರು ಎಚ್ಚರಿಸಿದರು. ಜಪಾನಿನ ಗುನ್ಮಾ ವಿಶ್ವವಿದ್ಯಾಲಯದ ತಂಡ ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳಲ್ಲಿ ನೋಡಿದಾಗಲೂ ನಿರಾಸೆಯೇ.

ಈ ಇಲಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಕರಿ ಇಲಿಯ ತಳಿ ಸಿ57ಬಿಎಲ್/6. 1921ರಲ್ಲಿ ಅಮೆರಿಕದ ಸಿ. ಸಿ. ಲಿಟಲ್ ಎಂಬವರು 57ನೇ ನಂಬರಿನ ಹೆಣ್ಣಿಲಿಯಿಂದ ಶುರುಮಾಡಿದ ವಂಶ ಅದು. ಬಿಳಿಯದು ಬಾಲ್ಬ್/ಸಿ. ಇನ್ನೂ ಸ್ವಲ್ಪ ಹಳೆಯ ತಳಿ. ಎರಡನ್ನೂ ತಲೆಮಾರುಗಟ್ಟಲೆ ಒಡಹುಟ್ಟಿದವುಗಳ ನಡುವೆಯೇ ಕೂಡಿಸಿ ಬೆಳೆಸಿದ್ದಾರೆ. ಹಾಗಾಗಿ ಒಂದು ತಳಿಯ ಇಲಿಗಳೆಲ್ಲ ಜೀನುಗಳಲ್ಲಿ ಹೆಚ್ಚೂಕಡಿಮೆ ಅವಳಿಗಳು. ಲ್ಯಾಬ್ ಕೆಲಸಕ್ಕೆ ಇದು ಅನುಕೂಲ. ಫಲಿತಾಂಶ ಪದೇ ಪದೇ ಒಂದೇ ಬರುತ್ತದೆ. ಆದರೆ ನೂರು ಕರಿ ಇಲಿಗಳನ್ನು ಪರೀಕ್ಷಿಸಿದರೂ ಒಂದು ರೀತಿಯಲ್ಲಿ ನೀವು ಪರೀಕ್ಷಿಸಿದ್ದು ಒಂದೇ ಇಲಿಯನ್ನು.

ಹಾಗಾದರೆ ಕ್ಯಾಲ್‌ಟೆಕ್‌ನವರು ತಪ್ಪು ಮಾಡಿದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ವಿಧಾನ ಕೇಳಿದ ಪ್ರಶ್ನೆಗೆ ಕರಾರುವಾಕ್ಕಾದ ಉತ್ತರ ಕೊಟ್ಟಿತ್ತು. ಈ ತಳಿಯ ಇಲಿಯಲ್ಲಿ ರಕ್ತದಿಂದ ಆಸ್ಟ್ರೋಸೈಟಿಗೆ ಹೋಗುವ ಕವಚ ಯಾವುದು ಎಂಬುದು ಪ್ರಶ್ನೆ. ಉತ್ತರ ಸರಿಯಾಗಿಯೇ ಬಂತು. ಬೆರಳಿನ ಶಾಯಿ ನೋಡಿ ಒಬ್ಬ ಮತಗಟ್ಟೆಯೊಳಗೆ ಹೋಗಿದ್ದ ಅಂತ ಹೇಳಬಹುದು. ಯಾವ ಬಾಗಿಲಿಂದ ಹೋದ ಅನ್ನುವುದು ಶಾಯಿಯಲ್ಲಿ ಬರೆದಿರುವುದಿಲ್ಲ. ಆ ಬಾಗಿಲು ಬೇರೆ ಊರಿನ ಮತಗಟ್ಟೆಯಲ್ಲೂ ಇದೆಯೇ ಅನ್ನುವುದಂತೂ ಇಲ್ಲವೇ ಇಲ್ಲ.

ಬಾಗಿಲು ಸಿಕ್ಕಿದ ಬಗೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಹಿಡಿಸುವ ಭಾಗ ಇದು. ಕರಿ ಮತ್ತು ಬಿಳಿ ಇಲಿಯ ನಡುವಿನ ವ್ಯತ್ಯಾಸ ಆಸೆಗೆ ತಣ್ಣೀರು ಎರಚಿತ್ತು ನಿಜ. ಆದರೆ ಬಾಗಿಲನ್ನು ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ. ಒಂದರಲ್ಲಿ ತೆರೆಯುತ್ತದೆ, ಇನ್ನೊಂದರಲ್ಲಿ ತೆರೆಯುವುದಿಲ್ಲ ಅಂದರೆ ಕಾರಣ ಅವುಗಳ ಜೀನುಗಳಲ್ಲೇ ಇರಬೇಕು. ಎರಡರ ಜೀನುಗಳನ್ನೂ ಅಕ್ಷರ ಅಕ್ಷರವಾಗಿ ಓದಿ ಇಟ್ಟಿದ್ದಾರೆ.

ಡೆವರ್ಮನ್ ಅಷ್ಟು ಹೊತ್ತಿಗೆ ಬಾಸ್ಟನ್ ಪಕ್ಕದ ಬ್ರಾಡ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದರು. ಅವರ ತಂಡ ಎರಡು ತಳಿಗೆ ನಿಲ್ಲಲಿಲ್ಲ. ಹಲವು ತಳಿಯ ಇಲಿಗಳನ್ನು ತಂದು ಯಾವುದರಲ್ಲಿ ಕವಚ ಮಿದುಳಿಗೆ ಹೋಗುತ್ತದೆ, ಯಾವುದರಲ್ಲಿ ಇಲ್ಲ ಅಂತ ಪಟ್ಟಿ ಮಾಡಿತು. ಆಮೇಲೆ ಜೀನುಗಳ ದಾಖಲೆ ತೆಗೆದು ಹುಡುಕಿತು. ಹೋಗುವ ತಳಿಗಳಲ್ಲೆಲ್ಲ ಒಂದು ರೀತಿ, ಹೋಗದ ತಳಿಗಳಲ್ಲೆಲ್ಲ ಇನ್ನೊಂದು ರೀತಿ ಇರುವ ಜಾಗ ಯಾವುದು? ಜರಡಿ ಹಿಡಿಯುತ್ತ ಹೋದಂತೆ ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಎದ್ದು ಕಂಡದ್ದು ಎಲ್‌ವೈ6ಎ ಎಂಬ ಜೀನ್.

ಎಲ್‌ವೈ6ಎ ಮಿದುಳಿನ ರಕ್ತನಾಳದ ಕೋಶಗಳ ಹೊರಮೈಯಲ್ಲಿ ಕೂರುವ ಸಣ್ಣ ಪ್ರೋಟೀನ್. ಕೊಬ್ಬಿನ ಒಂದು ಕೊಕ್ಕೆಯಿಂದ ಅದು ಕೋಶದ ಪೊರೆಗೆ ಸಿಕ್ಕಿಕೊಂಡಿರುತ್ತದೆ. ಕವಚ ಹೋಗದ ತಳಿಗಳಲ್ಲಿ ಈ ಜೀನಿನ ಅಕ್ಷರಗಳು ಬೇರೆ. ಅದರಲ್ಲಿ ಒಂದು ಬದಲಾವಣೆ ಕೊಕ್ಕೆ ಸೇರಿಕೊಳ್ಳುವ ಜಾಗದ ಪಕ್ಕದಲ್ಲೇ ಇದೆ.

ಊಹೆ ಸರಿಯೇ ಅಂತ ಎರಡು ಕಡೆಯಿಂದ ನೋಡಿದರು. ಕರಿ ಇಲಿಯ ರಕ್ತನಾಳದ ಕೋಶಗಳಿಂದ ಎಲ್‌ವೈ6ಎ ಜೀನನ್ನು ಕತ್ತರಿಸಿ ತೆಗೆದರೆ ಕವಚ ಅಂಟುವುದು ಇಳಿಯಿತು. ಎಲ್‌ವೈ6ಎ ಇಲ್ಲದ ಮನುಷ್ಯರ ಕೋಶಕ್ಕೆ ಅದನ್ನು ಸೇರಿಸಿದರೆ ಕವಚ ಅಂಟತೊಡಗಿತು. ಬಾಗಿಲು ಸಿಕ್ಕಿತು. ಪೆನ್ಸಿಲ್ವೇನಿಯಾದ ತಂಡ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡ ಕೂಡ ತಮ್ಮ ತಮ್ಮ ದಾರಿಯಲ್ಲಿ ಹೋಗಿ ಇದೇ ಪ್ರೋಟೀನಿನ ಮುಂದೆ ಬಂದು ನಿಂತವು. 2019ರ ಕೊನೆಯ ಹೊತ್ತಿಗೆ ಸಂಶಯ ಉಳಿದಿರಲಿಲ್ಲ. ಎಎವಿ9 ತನ್ನಷ್ಟಕ್ಕೆ ಬಳಸುವ ಬಾಗಿಲುಗಳಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಏಳು ಅಮೈನೋ ಆಮ್ಲಗಳು ಪೂರ್ತಿ ಹೊಸದೊಂದು ಬಾಗಿಲಿಗೆ ಕೀಲಿಕೈ ಆಗಿಬಿಟ್ಟಿದ್ದವು. ಮನುಷ್ಯರ ಮಿದುಳಿನ ರಕ್ತನಾಳಗಳಲ್ಲಿ ಆ ಬಾಗಿಲೇ ಇಲ್ಲ.

ಎಲ್‌ವೈ6ಎಗೆ ಇನ್ನೊಂದು ಹೆಸರಿದೆ, ಸ್ಕಾ-1. ಇಲಿಯ ರಕ್ತದ ಮೂಲಕೋಶಗಳ ಮೇಲೆ ಕೆಲಸ ಮಾಡುವವರಿಗೆಲ್ಲ ಇದು ಮನೆಮಾತು. ಮೂಳೆಮಜ್ಜೆಯಿಂದ ಮೂಲಕೋಶಗಳನ್ನು ಬೇರ್ಪಡಿಸಲು ದಶಕಗಳಿಂದ ಬಳಸುತ್ತಿರುವ ಗುರುತು ಅದು. ಬಾಲ್ಬ್/ಸಿ ತಳಿಯ ಮೂಲಕೋಶಗಳಲ್ಲಿ ಸ್ಕಾ-1 ಕಡಿಮೆ ಕಾಣುತ್ತದೆ, ಕರಿ ಇಲಿಯಲ್ಲಿ ಚೆನ್ನಾಗಿ ಕಾಣುತ್ತದೆ ಅಂತ 1990ರ ದಶಕದಲ್ಲೇ ಬರೆದಿಟ್ಟಿದ್ದರು! ರಕ್ತದ ಕೆಲಸ ಮಾಡುವವರಿಗೆ ಗೊತ್ತಿದ್ದ ತಳಿಭೇದವೇ ಮಿದುಳಿನ ಕೆಲಸ ಮಾಡುವವರ ಒಗಟಾಗಿತ್ತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾರದೂ ತಪ್ಪಲ್ಲ. ಒಂದು ಕಡೆಯವರು ಎಲುಬಿನೊಳಗೆ ನೋಡುತ್ತಿದ್ದರು, ಇನ್ನೊಂದು ಕಡೆಯವರು ತಲೆಯೊಳಗೆ.

ಇನ್ನೊಂದು ಅಂಶವನ್ನು ಇಲ್ಲಿ ಗಮನಿಸಬೇಕು. ಹುಡುಕಿದ್ದು ಆಸ್ಟ್ರೋಸೈಟಿಗೆ ಹೋಗುವ ಕವಚವನ್ನು. ಸಿಕ್ಕಿದ್ದು ಗೋಡೆ ದಾಟುವ ಕವಚ. ಅದಕ್ಕೇ ನರಕೋಶಗಳೂ ಹಸಿರಾದವು. ಗೋಡೆ ದಾಟಿದ ಮೇಲೆ ಎಎವಿ9 ತನ್ನ ಹಳೆಯ ಅಭ್ಯಾಸದಂತೆ ಸಿಕ್ಕ ಕೋಶಗಳಿಗೆಲ್ಲ ಹೋಯಿತು. ನಿರ್ದಿಷ್ಟ ಕೋಶಕ್ಕೆ ಗುರಿ ಇಡುವುದು ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಅಂಗದ ಗೋಡೆ ದಾಟುವುದು, ಕೋಶದ ಬಾಗಿಲು ತೆರೆಯುವುದು, ಒಳಗೆ ಹೋದ ಜೀನ್ ಆ ಬಗೆಯ ಕೋಶದಲ್ಲಿ ಮಾತ್ರ ಕೆಲಸ ಮಾಡುವಂತೆ ನೋಡಿಕೊಳ್ಳುವುದು. ಮೂರನೆಯದಕ್ಕೆ ಕವಚ ಬೇಕಾಗಿಲ್ಲ. ಜೀನಿನ ಮುಂದೆ ಪ್ರೊಮೋಟರ್ ಎಂಬ ಡಿಎನ್‌ಎ ತುಂಡು ಇಡುತ್ತಾರೆ, ಅದೇ ಸ್ವಿಚ್ಚು. ಲಿವರ್ ಕೋಶದಲ್ಲಿ ಮಾತ್ರ ಜೀನನ್ನು ಬಾಯಿಮುಚ್ಚಿಸುವ ತುಂಡುಗಳೂ ಇವೆ. ಆದರೂ ಕವಚ ಲಿವರ್‌ಗೆ ಹೋಗುವುದನ್ನು ಅವು ತಡೆಯಲಾರವು.

ಬಾಗಿಲಿನಿಂದ ಶುರುಮಾಡಿದರೆ

ಸ್ನಾಯುವಿನ ಕಡೆ ಕೆಲಸ ಮಾಡುವವರಿಗೆ ಬೇರೆಯೇ ಅನುಭವವಾಯಿತು. 2021ರಲ್ಲಿ ಬ್ರಾಡ್ ಇನ್‌ಸ್ಟಿಟ್ಯೂಟ್‌ನ ಪಾರ್ಡಿಸ್ ಸಬೇಟಿ ಅವರ ತಂಡದಿಂದ ಮಯೋಎಎವಿ ಎಂಬ ಕವಚಗಳು ಬಂದವು. ಅವರೂ ಎಎವಿ9ರಲ್ಲಿ ಏಳು ಅಮೈನೋ ಆಮ್ಲ ಸೇರಿಸಿ ಇಲಿಯಲ್ಲೇ ಹುಡುಕಾಟ ಶುರುಮಾಡಿದ್ದರು. ಗೆದ್ದವುಗಳಲ್ಲೆಲ್ಲ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರರ ಸಾಲು ಕಾಣಿಸಿತು. ಇದು ಇಂಟೆಗ್ರಿನ್ ಎಂಬ ಪ್ರೋಟೀನುಗಳಿಗೆ ಅಂಟುವ ಸಾಲು. ಇಂಟೆಗ್ರಿನ್ ಇಲಿಯಲ್ಲೂ ಮಂಗದಲ್ಲೂ ಮನುಷ್ಯರಲ್ಲೂ ಇದೆ. ಅದಕ್ಕೇ ಇಲಿಯಲ್ಲಿ ಕಂಡ ಲಾಭ ಮಂಗದಲ್ಲೂ ಉಳಿಯಿತು. ಹುಡುಕಿದ ದಾರಿ ಪಿಎಚ್‌ಪಿ.ಬಿಯದಕ್ಕೆ ಹತ್ತಿರದ್ದೇ. ಸಿಕ್ಕ ಬಾಗಿಲು ಮಾತ್ರ ಬೇರೆ.

ಡೆವರ್ಮನ್ ತಂಡ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಾಣಿಯಿಂದ ಶುರುಮಾಡುವುದನ್ನೇ ಬಿಟ್ಟು, ಮೊದಲು ಮನುಷ್ಯರ ಮಿದುಳಿನ ಗೋಡೆಯಲ್ಲಿ ಖಚಿತವಾಗಿ ಇರುವ ಬಾಗಿಲನ್ನು ಆರಿಸಿತು. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆ. ಮಿದುಳಿಗೂ ಕಬ್ಬಿಣ ಬೇಕು. ಹಾಗಾಗಿ ಗೋಡೆಯ ಕೋಶಗಳಲ್ಲಿ ಅದನ್ನು ಹಿಡಿದು ಒಳಗೆ ತೆಗೆದುಕೊಳ್ಳುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಇದೆ. ಮನುಷ್ಯರ ಈ ರಿಸೆಪ್ಟರನ್ನು ಪರೀಕ್ಷಾನಳಿಕೆಯಲ್ಲಿ ಇಟ್ಟು, ಅದಕ್ಕೆ ಅಂಟುವ ಕವಚಗಳನ್ನು ರಾಶಿಯಿಂದ ಆರಿಸಿದರು. ಆಮೇಲೆ ಮನುಷ್ಯರ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಜೀನನ್ನು ಇಟ್ಟ ಇಲಿಗಳಿಗೆ ಕೊಟ್ಟರು. 2024ರ ಮೇ ತಿಂಗಳಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಿದುಳಿನೊಳಗಿನ ಜೀನ್ ಕೆಲಸ ಎಎವಿ9ಕ್ಕಿಂತ 40ರಿಂದ 50 ಪಟ್ಟು ಹೆಚ್ಚಿತ್ತು. ಪಾರ್ಕಿನ್ಸನ್ ಮತ್ತು ಗೋಶೆ ಕಾಯಿಲೆಗಳಿಗೆ ಸಂಬಂಧಪಟ್ಟ ಜಿಬಿಎ1 ಜೀನನ್ನೂ ಇದೇ ಕವಚದಲ್ಲಿ ಇಟ್ಟು ಇಲಿಯ ಮಿದುಳಿಗೆ ತಲುಪಿಸಿ ತೋರಿಸಿದರು.

ಸುಮಾರು ಅದೇ 40 ಪಟ್ಟು. ಆದರೆ ಈ ಸಲ ಬಾಗಿಲು ಯಾವುದು, ಅದು ಯಾರ ಮನೆಯದು ಅಂತ ಮೊದಲೇ ಗೊತ್ತಿತ್ತು. ಹೊಸ ಕವಚದ ಬಗ್ಗೆ ಪೇಪರ್ ಬಂದರೆ ನಾನು ಈಗ ಹಸಿರು ಚಿತ್ರಗಳನ್ನು ಆಮೇಲೆ ನೋಡುತ್ತೇನೆ. ಮೊದಲು ತಳಿಯ ಹೆಸರು ಹುಡುಕುತ್ತೇನೆ, ರಿಸೆಪ್ಟರ್ ಯಾವುದೆಂದು ಬರೆದಿದ್ದಾರೆಯೇ ಅಂತ ಹುಡುಕುತ್ತೇನೆ.

ಕವಚದ ತಕರಾರೇ ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ಕಣ್ಣಿನ ಚಿಕಿತ್ಸೆ ಲಕ್ಸ್‌ಟರ್ನಾದಲ್ಲಿ ವೈರಸ್ಸನ್ನು ರೆಟಿನಾದ ಅಡಿಗೇ ಬಿಡುತ್ತಾರೆ. ರಕ್ತದ ಕಾಯಿಲೆಗಳಲ್ಲಿ ಕೋಶಗಳನ್ನೇ ಹೊರಗೆ ತೆಗೆದು ಜೀನ್ ಸೇರಿಸಿ ವಾಪಸ್ ಕೊಡಬಹುದು. ಬೆಂಗಳೂರಿನ ಇನ್‌ಸ್ಟೆಮ್‌ನ ಭಾಗವಾಗಿ ವೆಲ್ಲೂರಿನ ಸಿಎಂಸಿಯಲ್ಲಿರುವ ಕೇಂದ್ರದವರು ಲೆಂಟಿವೈರಸ್ ಎಂಬ ಇನ್ನೊಂದು ಬಗೆಯ ವೈರಸ್ ಬಳಸಿ ಹೀಗೆಯೇ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫಿಲಿಯಾ ಎ ಕಾಯಿಲೆ ಇದ್ದ ಐವರಿಗೆ ಚಿಕಿತ್ಸೆ ಕೊಟ್ಟು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿದುಳಿನ ಕೋಶಗಳನ್ನು ಮಾತ್ರ ಹಾಗೆ ಹೊರಗೆ ತೆಗೆದು ವಾಪಸ್ ಇಡಲಾಗದು. ಅಲ್ಲಿಗೆ ಒಳ್ಳೆಯ ಕವಚವೇ ಬೇಕು.

ಬಾಗಿಲು ಗೊತ್ತಾದ ಮೇಲೂ

ಸ್ನಾಯುಗಳ ಒಂದು ಅಪರೂಪದ ಕಾಯಿಲೆಗೆ ಎಎವಿ8 ಕವಚ ಬಳಸಿದ ಪ್ರಯೋಗದಲ್ಲಿ 2020 ಮತ್ತು 2021ರಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. ಆ ಮಕ್ಕಳಲ್ಲಿ ಲಿವರ್ ಕೆಟ್ಟಿತ್ತು. ಕೊಟ್ಟ ಪ್ರಮಾಣ ಬಹಳ ಹೆಚ್ಚಿತ್ತು. ಬೇಕಾದಲ್ಲಿಗೇ ಹೋಗುವ ಕವಚ ಇದ್ದರೆ ಪ್ರಮಾಣ ತಗ್ಗಿಸಬಹುದು ಎಂಬ ಮಾತಿಗೆ ಆ ಸಾವುಗಳ ನಂತರ ಇನ್ನಷ್ಟು ತೂಕ ಬಂತು.

ಆದರೆ 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಎಸ್‌ಟಿಎಕ್ಸ್‌ಬಿಪಿ1 ಜೀನ್ ಕೆಟ್ಟರೆ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಅಪಸ್ಮಾರ ಬರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೆಂದು, ಮಿದುಳಿಗೆ ಹೋಗಿ ಲಿವರನ್ನು ಬಿಟ್ಟುಬಿಡುವಂತೆ ರೂಪಿಸಿದ ಕವಚದ ಪ್ರಯೋಗ ಮನುಷ್ಯರಲ್ಲಿ ಶುರುವಾಗಿತ್ತು. ಚಿಕಿತ್ಸೆ ಪಡೆದ ಮೊದಲ ಮಗುವೇ ತೀರಿಕೊಂಡಿತು. ಪ್ರಯೋಗವನ್ನು ನಿಲ್ಲಿಸಿದರು.

ಗೋಡೆ ದಾಟಿದ ಮೇಲೆ ಎಷ್ಟು ಜೀನ್ ಒಳಗೆ ಸುರಿದರೆ ಮಗುವಿನ ಮಿದುಳು ತಾಳಿಕೊಳ್ಳುತ್ತದೆ ಅನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಕರಿ ಇಲಿ ಉತ್ತರ ಕೊಡಲಾರದು, ಬಿಳಿ ಇಲಿಯೂ ಕೊಡಲಾರದು. ಅದೇ ಜೀನ್ ಕೆಟ್ಟಿರುವ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಈಗಲೂ ಕಾಯುತ್ತಿದ್ದಾರೆ.